ರೇಡಿಯೇಟರಿನ ಹಿತ್ತಾಳೆ ತೇಪೆ

ಹೊನ್ನವಳ್ಳಿಯ ರಂಗಪ್ಪನ ಹಿತ್ತಲಲ್ಲಿ ಬೆಳ್ಳಂಬೆಳಗ್ಗೆ ಹೆಂಗಸೊಬ್ಬಳು ಕಿರುಚಿದಳು. ಹಾವೇ ಇರಬೇಕೆಂದು ಅಕ್ಕಪಕ್ಕದವರು ದೊಣ್ಣೆ ಹಿಡಿದು ಓಡಿಬಂದರು. ಹಾವಿರಲಿಲ್ಲ. ರಂಗಪ್ಪನ ತಂಗಿ ಹೊಂಬಾಳಮ್ಮ ಹಳೇ ಜೀಪಿನ ರೇಡಿಯೇಟರೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೈತುಂಬ ಬೂದಿ, ಹುಣಸೆಹಣ್ಣು.

"ಇದು ನನ್ನ ಬಿಂದಿಗೆ ಕಣ್ರೋ! ನಮ್ಮೆಜಮಾನ್ರ ಗಾಡೀದು ಇದು!"

ಪಕ್ಕದ ಮನೆ ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಬಿಟ್ಟುಹೋದವಳಿಗೆ ಕೊನೆಗೂ ತಲೆ ಕೆಟ್ಟಿತು ಎಂದೇ ಎಲ್ಲರೂ ತಿಳಿದರು.

ಹೊಂಬಾಳಮ್ಮನ ಗಂಡ, ಬಿಳಿಗೆರೆಯ ತಿಮ್ಮಯ್ಯ, ಹೋದ ವರ್ಷ ಜೀಪಿನ ಸಮೇತ ಕಾಣೆಯಾಗಿದ್ದ. ಅರಸೀಕೆರೆ ರಸ್ತೆಯಲ್ಲಿ ಜೀಪು ಹೋಗುವುದನ್ನು ರಂಗಪ್ಪ ನೋಡಿದ್ದನಂತೆ. ಪಕ್ಕದಲ್ಲಿ ಯಾರೋ ಹೆಂಗಸು ಕೂತಿದ್ದಳಂತೆ. ಊರಿಗೆ ಅಷ್ಟು ಸಾಕಾಯಿತು. ತಿಮ್ಮಯ್ಯ ಓಡಿಹೋದ ಎಂದು ತೀರ್ಪು ಕೊಟ್ಟು ಜನ ಕೈತೊಳೆದುಕೊಂಡರು. ಅಣ್ಣ ತಂಗಿಯನ್ನು ಮನೆಗೆ ಕರೆತಂದ. ಅಣ್ಣ ಅಂದರೆ ಹೀಗಿರಬೇಕು ಎಂದು ಸುತ್ತಲ ಹಳ್ಳಿಯವರೆಲ್ಲ ಹೊಗಳಿದರು.

* * *

ತಿಪಟೂರಿನಿಂದ ಸಬ್‌ಇನ್‌ಸ್ಪೆಕ್ಟರ್ ತೋಂಟದಾರ್ಯ ಬಂದರು. ರೇಡಿಯೇಟರನ್ನು ಬಿಸಿಲಿಗೆ ಹಿಡಿದರು. ಕಪ್ಪು ಬಣ್ಣ ಎದ್ದುಹೋದ ಕಡೆ ಅಂಗೈಯಗಲದ ಹಿತ್ತಾಳೆ ತೇಪೆ ಹೊಳೆಯುತ್ತಿತ್ತು. ಅದರ ಮೇಲೆ ಉಳಿಯಲ್ಲಿ ಕೊರೆದ ಅಕ್ಷರ: 'ಹೊಂಬಾಳ'.

"ಮದುವೇಲಿ ನಮ್ಮ ಸೋದರಮಾವ ಕೊಟ್ಟ ಬಿಂದಿಗೆ ಸ್ವಾಮಿ. ರೇಡಿಯೇಟರು ಸೋರ್ತದೆ ಅಂತ ನಮ್ಮೆಜಮಾನ್ರು ಅದನ್ನ ಕತ್ತರಿಸಿ ತೇಪೆ ಹಾಕಿಸಿದ್ರು. ನಾನು ಸಿಟ್ಟಿಗೆ ಅವ್ರ ಜತೆ ಮಾತು ಬುಟ್ಟಿದ್ದೆ. ನನ್ನ ಕಣ್ಣಿಗೆ ಬೀಳ್ಬಾರ್ದು ಅಂತ ಕಪ್ಪು ಬಣ್ಣ ಬಳಿದ್ರು."

"ಇದಿಲ್ಲಿಗೆ ಹೆಂಗೆ ಬಂತು?"

"ನಿನ್ನೆ ಅಣ್ಣ ತಂದ. ಧೂಳು ತೊಳೆದಿಡು ಅಂದ. ಒಂದು ಕಡೆ ಬಣ್ಣ ಎದ್ದು ಹಳದಿ ಕಾಣ್ತು, ಉಜ್ಜಿದೆ."

ಅಷ್ಟರಲ್ಲಿ ರಂಗಪ್ಪ ಪೇಟೆಯಿಂದ ಬಂದ. ತೇಪೆ ನೋಡಿ ಅವನ ಮುಖ ಬಿಳಿಚಿತು. ಬಾವನಿಗೇನಾಯಿತೋ ಎಂಬ ಗಾಬರಿ ಎಂದು ನೆರೆದವರು ಮರುಗಿದರು.

"ನನ್ನ ಜೀಪಿನ ರೇಡಿಯೇಟರು ಒಡೆದೋಯ್ತು ಸ್ವಾಮಿ. ಹುಳಿಯಾರಲ್ಲಿ ಗುಜರಿ ಹುಚ್ಚರಂಗಯ್ಯನತ್ರ ಇದನ್ನ ತಂದೆ. ಅವನ್ನ ಹಿಡೀರಿ! ನಮ್ಮ ಬಾವನ್ನ ಏನು ಮಾಡ್ದ ಕೇಳ್ರಿ!"

* * *

ಹುಳಿಯಾರಿನ ಗುಜರಿ ಹುಚ್ಚರಂಗಯ್ಯ ಪೊಲೀಸರನ್ನು ಕಂಡೊಡನೆ ಬೆವರಿದ. ಮೂಟೆಗಳಡಿ ಕದ್ದ ಪಂಪ್‌ಸೆಟ್ಟಿನ ವೈರು ಸಿಕ್ಕಿತು. ಕೊಲೆಗಾರ ಸಿಕ್ಕಿದ ಎಂದು ಕಾನ್‌ಸ್ಟೇಬಲ್ ಕ್ಯಾತಪ್ಪ ಬೇಡಿ ತೆಗೆದೇಬಿಟ್ಟ.

"ವೈರು ಕಳ್ಳಮಾಲೇ ಬುದ್ಧಿ, ಒಪ್ಕತೀನಿ. ರೇಡಿಯೇಟರು ನನ್ನದಲ್ಲ. ಇಡೀದು ಇಟ್ಕಂಡು ಪೂಜೆ ಮಾಡನಾ? ಬಂದ ದಿನ್ವೇ ಬಡಿದು ತೂಕಕ್ಕೆ ಹಾಕ್ತೀನಿ."

ತೋಂಟದಾರ್ಯ ಸುತ್ತ ನೋಡಿದರು. ಅಂಗಡಿಯಲ್ಲಿದ್ದ ರೇಡಿಯೇಟರುಗಳೆಲ್ಲ ಚಪ್ಪಟೆ. ಸುತ್ತಿಗೆ ಏಟು ಬೀಳದ್ದು ಒಂದೂ ಇಲ್ಲ. ವೈರಿನ ಕೇಸಿಗೆ ಅವನನ್ನು ಕ್ಯಾತಪ್ಪನ ವಶಕ್ಕೆ ಕೊಟ್ಟು ಅವರು ತಿಪಟೂರಿಗೆ ತಿರುಗಿದರು.

ಜೀಪಿನ ಮೆಕ್ಯಾನಿಕ್ ಶಂಭುಲಿಂಗಯ್ಯ ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಎಡಗಡೆ ಸ್ಟೇರಿಂಗಿನ ಆ ಜೀಪು ಈ ಸೀಮೇಲಿ ಇದ್ದುದ್ದೇ ಎರಡು ಸಾರ್. ಬಾವ ಬಾಮೈದ ಇಬ್ರೂ ಮಿಲಿಟ್ರಿ ಹರಾಜಲ್ಲಿ ತಂದಿದ್ರು. ರಂಗಪ್ಪನ ಗಾಡಿ ಗೇರ್‌ಬಾಕ್ಸು ಹೋಗಿ ನನ್ನ ಶೆಡ್ಡಲ್ಲೇ ನಿಂತಿತ್ತು. ಬೆಂಗ್ಳೂರು, ಪೂನಾ ಎಲ್ಲ ಹುಡುಕ್ಸಿದ್ವಿ. ಹೊಸಾ ಗಾಡೀದು ಅದಕ್ಕೆ ಕೂರಲ್ಲ."

"ಆಮೇಲೆ?"

"ಸಿಕ್ತು ಅಂತ ಗಾಡಿನ ಊರಿಗೆ ಎಳೆಸ್ಕಂಡು ಹೋದ. ಎಲ್ಲಿ ಸಿಕ್ತು ಅಂದ್ರೆ ನಕ್ಕ. ಆವತ್ತಿಂದ ಓಡ್ತಾನೇ ಅದೆ."

"ಯಾವಾಗ?"

"ಹೋದ ದೀಪಾವಳಿ ಹಿಂದೆಮುಂದೆ."

"ತಿಮ್ಮಯ್ಯ ಕಾಣೆಯಾದದ್ದು?"

"ಅದೂ ದೀಪಾವ..." ಶಂಭುಲಿಂಗಯ್ಯ ರಂಗಪ್ಪನ ಗಾಡಿ ನಿಂತಿದ್ದ ಜಾಗದ ಕಡೆ ತಿರುಗಿ ನೋಡಿದ. "ಅಯ್ಯೋ ಶಿವನೇ!"

* * *

ರಂಗಪ್ಪನ ಮನೆ, ಕೊಟ್ಟಿಗೆ ಎಲ್ಲ ಜಾಲಾಡಿಸಿದರೂ ತಿಮ್ಮಯ್ಯನ ಜೀಪಿನ ಸುಳಿವು ಸಿಗಲಿಲ್ಲ. "ಅಟ್ಟಕ್ಕೆ ಏಣಿ ಹಾಕ್ರಿ," ಅಂದರು ತೋಂಟದಾರ್ಯ.

ರಂಗಪ್ಪ ಅಡ್ಡ ನಿಂತ. "ಕೊಬ್ಬರಿಗೆ ಹಾಕಿರೋ ಕಾಯಿ ಸ್ವಾಮಿ. ಮುಟ್ಟಂಗಿಲ್ಲ, ಕೆಡ್ತವೆ."

ನೆರೆದವರು ಹೌದೆಂದು ತಲೆಯಾಡಿಸಿದರು. ತೆಂಗಿನ ಸೀಮೆಯಲ್ಲಿ ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ಅಟ್ಟದ ಕಾಯಿ ಕದಲಿಸುವವರಿಲ್ಲ. ತೋಂಟದಾರ್ಯ ಹತ್ತಿಯೇಬಿಟ್ಟರು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿನ ಸದ್ದು. ಇನ್ನೊಂದು ಕಡೆಯದೂ ಹಾಗೆಯೇ. ಕತ್ತಲ ಮೂಲೆಗೆ ಹೋಗಿ ಅಲ್ಲಿಯದನ್ನು ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗುಡುಗುಡು ಉರುಳಿತು.

"ರಂಗಪ್ಪ, ಹಳೇ ಕಾಯೆಲ್ಲ ಸುಲಿಸಿ ಮಾರಿದ್ಯೇನು?"

"ಯುಗಾದಿ ಮುಂಚೇನೇ ಸ್ವಾಮಿ. ಎಲ್ಲನೂ."

"ಹಂಗಾದ್ರೆ ಈ ಮೂಲೇದು ಯಾಕೆ ಬಿಟ್ಟೆ?"

ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಒಣಗಿ ಉಂಡೆಯಾದ ಕೊಬ್ಬರಿಯನ್ನು ಮೂಲೆಯಲ್ಲಿ ಬಿಟ್ಟು ಸುತ್ತ ಹೊಸಕಾಯಿ ತುಂಬುವ ರೈತ ಈ ಸೀಮೆಯಲ್ಲಿ ಹುಟ್ಟಿಲ್ಲ. ಇಬ್ಬರು ಮೇಲೆ ಹತ್ತಿ ಕಾಯಿ ಸರಿಸಿದರು. ಮೊದಲು ಒಂದು ಚಕ್ರ ಕಂಡಿತು. ಆಮೇಲೆ ಆಕ್ಸಲ್, ಎಂಜಿನ್ನಿನ ಭಾಗಗಳು, ತಿಮ್ಮಯ್ಯನ ಜೀಪಿನ ನಂಬರ್ ಪ್ಲೇಟು.

ತೋಂಟದಾರ್ಯ ಇಳಿದುಬಂದರು. "ಗುಜರಿಯವನು ಇಡೀ ರೇಡಿಯೇಟರು ಇಟ್ಟುಕೊಳ್ಳುವವನಲ್ಲ. ಅಲ್ಲಿಗೆ ನೀನು ಹೇಳಿದ್ದು ಸುಳ್ಳು. ಎಲ್ಲೂ ಸಿಗದ ಗೇರ್‌ಬಾಕ್ಸು, ಬಾವ ಕಾಣೆಯಾದ ಹೊತ್ತಿಗೇ ನಿನಗೆ ಸಿಕ್ತು. ನಿನ್ನ ಗಾಡಿಗೆ ಕೂರೋದು ಇನ್ನೊಂದೇ ಗಾಡೀದು. ಅದನ್ನ ಬಿಚ್ಚಿ ಕಾಯಿ ಕೆಳಗೆ ಹೂತೆ. ಕೊಬ್ಬರಿ ಬಲಿತು ಮಾರೋ ಕಾಲ ಬಂದ್ರೂ ಆ ಮೂಲೇನ ಕದಲಿಸೋ ಧೈರ್ಯ ಆಗಲಿಲ್ಲ. ತೇಪೆ ಇರೋದು ಗೊತ್ತಿದ್ದಿದ್ರೆ ಆ ರೇಡಿಯೇಟರನ್ನ ಕೆಳಗಿಳಿಸ್ತಾನೂ ಇರಲಿಲ್ಲ."

ರಂಗಪ್ಪ ಏಣಿಯ ಬುಡದಲ್ಲಿ ಕೂತುಬಿಟ್ಟ. "ಗೇರ್‌ಬಾಕ್ಸು ಕೊಡು ಅಂತ ಕಾಲು ಹಿಡಿದೆ. ನನ್ನ ಗಾಡಿ ನಿಲ್ಸಿ ನಿನ್ನದು ಓಡಿಸ್ಲೇನ್ಲಾ ಅಂತ ನಗ್ತಾ ತಿರುಗ್ದ. ಕೈಲಿ ಜಾಕಿನ ರಾಡಿತ್ತು. ಒಂದೇ ಏಟು ಸ್ವಾಮಿ."

ಒಂದು ಗೇರ್‌ಬಾಕ್ಸಿಗೆ ಒಂದು ಜೀವ! ಕ್ಯಾತಪ್ಪ ಬೇಡಿ ತೆಗೆದು ರಂಗಪ್ಪನ ಕೈಗೆ ತೊಡಿಸಿದ.

ಹೊಂಬಾಳಮ್ಮ ಅಣ್ಣನೆದುರು ಬಂದು ನಿಂತಳು. "ಎಲ್ಲಿಟ್ಟಿದ್ದೀಯಾ ಅವ್ರನ್ನ?"

"ತೋಟದ ಬಾವಿ ಪಕ್ಕದ ತೆಂಗಿನ ಸಸಿ ಗುಂಡೀಲಿ."

"ನಾನು ದಿನಾ ನೀರು ಹುಯ್ತೀನಲ್ಲ, ಆ ಸಸೀನಾ?"

ಅವಳು ತೋಟದ ಕಡೆ ಓಡಲೂ ಇಲ್ಲ, ಎದೆ ಬಡಿದುಕೊಳ್ಳಲೂ ಇಲ್ಲ. ವರ್ಷವಿಡೀ ತನ್ನ ಬೆನ್ನ ಹಿಂದೆ ನಕ್ಕಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಅವ್ರು ನನ್ನ ಬುಟ್ಟು ಹೋಗಿರ್ಲಿಲ್ಲ," ಅಂದಳು. "ಎಲ್ರಿಗೂ ಕೇಳುಸ್ತಾ? ಬುಟ್ಟು ಹೋಗಿರ್ಲಿಲ್ಲ."