ಬಿಚ್ಚಿಟ್ಟ ಇಂಜಿನ್

ಸೈಕಲ್ಲಿನ ಮುಂದಿನ ಚಕ್ರಕ್ಕೆ ಏನೂ ಆಗಿರಲಿಲ್ಲ. ಹಿಂದಿನದು ಹಳೇ ಛತ್ರಿಯ ಹಾಗೆ ಮಡಚಿಕೊಂಡಿತ್ತು. ರಸ್ತೆಯ ಉದ್ದಕ್ಕೂ ಅಂದಿನ ಪೇಪರುಗಳು. ಇಬ್ಬನಿಗೆ ತೊಯ್ದು ಡಾಂಬರಿಗೆ ಅಂಟಿಕೊಂಡಿದ್ದವು.

ಪೇಪರ್ ಹಾಕುವವನನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು. ಆ ಸುದ್ದಿ ಸ್ಥಳದಲ್ಲಿದ್ದ ಮಹಿಳಾ ಸಬ್ ಇನ್‌ಸ್ಪೆಕ್ಟರಿಗೆ ಫೋನಿನಲ್ಲಿ ಬಂತು. ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕೂತಿದ್ದ ಹೆಂಗಸಿಗೆ ಅದನ್ನು ಅವಳೇ ಹೇಳಬೇಕಾಯಿತು.

ಹೆಂಗಸು ಆ ಬೀದಿ ಗುಡಿಸುವವಳು. ಸತ್ತವನ ಹೆಂಡತಿ. ಗಂಡ ಪೇಪರ್ ಹಾಕುತ್ತ ಬರುವ ಹೊತ್ತಿಗೆ ಇವಳು ಅದೇ ರಸ್ತೆಯಲ್ಲಿ ಕಸ ಗುಡ್ಡೆ ಮಾಡುತ್ತಿದ್ದಳು. ದಿನಾ ಹಾಗೇ. ಅವನು ಬೆಲ್ ಬಾರಿಸುತ್ತಿದ್ದ, ಇವಳು ಪೊರಕೆ ಎತ್ತಿ ಬಯ್ಯುತ್ತಿದ್ದಳು. ಅದೇ ಅವರ ಬೆಳಗಿನ ಮಾತುಕತೆ.

ಸುದ್ದಿ ಕೇಳಿ ಅವಳು ಅಳಲಿಲ್ಲ. ಪೊರಕೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅಕ್ಕಾ, ಗಾಡಿ ನೋಡಿದ್ರಾ?"

"ಬೆಳ್ಳಿ ಬಣ್ಣದ ಕಾರು. ಸಿಳ್ಳೆ ಹಾಕ್ದಂಗೆ ಸದ್ದು ಮಾಡ್ಕೊಂಡು ಹೋಯ್ತು."

"ನಂಬರ್?"

"ನಂಬರ್ ಎಲ್ಲಿ ಕಾಣ್ಬೇಕು? ಹಿಂದೆಲ್ಲ ನೀಲಿ ಹೊಗೆ. ಸೊಳ್ಳೆ ಓಡ್ಸೋಕೆ ಬಿಡ್ತಾರಲ್ಲ, ಹಂಗೆ."

ಚರಂಡಿಯ ಬದಿಯಲ್ಲಿ ಗಾಜಿನ ಚೂರೊಂದು ಸಿಕ್ಕಿತು. ಬಂಪರಿನ ಕೆಳಗಿರುವ ಮಂಜಿನ ದೀಪದ್ದು. ಸಬ್ ಇನ್‌ಸ್ಪೆಕ್ಟರ್ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಗರಗಸ ಅನ್ನುತ್ತಿದ್ದರು. ಹಲ್ಲು ಊರಿದರೆ ಆಚೆ ಬದಿ ಕಾಣುವವರೆಗೆ ಬಿಡುವವಳಲ್ಲ ಅಂತ. ಅವಳಿಗೂ ಅದು ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

*

ಗಾಜಿನ ಚೂರು ಯಾವ ಕಾರಿನದು ಅಂತ ಬಿಡಿಭಾಗದ ಅಂಗಡಿಯಲ್ಲಿ ಗೊತ್ತಾಯಿತು. ಸಿಳ್ಳೆಯ ಸದ್ದು ಅಂದರೆ ಟರ್ಬೊ ಇಂಜಿನ್. ಆ ಮಾದರಿಯ ಬೆಳ್ಳಿ ಬಣ್ಣದ ಟರ್ಬೊ ಕಾರು ಊರಿನಲ್ಲಿ ಎರಡೇ.

ಒಂದು, ಮೀಸೆ ಟ್ಯಾಕ್ಸಿಯವನದು. ಇನ್ನೊಂದು, ಡ್ರೈವಿಂಗ್ ಮೇಷ್ಟ್ರದು.

ಮೇಷ್ಟ್ರ ಹೆಸರು ಕೇಳಿ ಅವಳಿಗೆ ಕಸಿವಿಸಿಯಾಯಿತು. ಅವಳಿಗೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಅಂತ ಕಲಿಸಿದವರು ಅವರೇ. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಮನುಷ್ಯ.

ಮೇಷ್ಟ್ರ ಕಾರು ಅವರ ಷಡ್ಡಕನ ಗ್ಯಾರೇಜಿನಲ್ಲಿತ್ತು. ಅವಳು ಹೋದಾಗ ಮಧ್ಯಾಹ್ನ ಕಳೆದಿತ್ತು. ಮೇಷ್ಟ್ರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ಎದುರಿಗೇ ಬಂದು ನಿಂತಳು.

"ಯಾರು ಬೇಕಿತ್ತು?" ಅಂದರು.

"ನಾನು ಮೇಷ್ಟ್ರೇ."

"ಓಹೋ, ನೀನಾ! ಬಿಸಿಲಿಗೆ ಗೊತ್ತಾಗ್ಲಿಲ್ಲ ನೋಡು. ಬಾಮ್ಮಾ, ಬಾ. ಪಾಪ, ಆ ಪೇಪರಿನವನ ವಿಷಯ ಕೇಳ್ದೆ. ಹೊಟ್ಟೆ ಉರೀತು."

ಒಳಗೆ ಕಾರಿನ ಬಾನೆಟ್ ತೆರೆದಿತ್ತು. ಬಂಪರ್ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಎರಡೂ ಮಂಜಿನ ದೀಪ ನೆಟ್ಟಗಿದ್ದವು. ಇಂಜಿನ್ನಿನ ಮೇಲ್ಭಾಗವನ್ನೇ ಕಳಚಿ ಪಕ್ಕಕ್ಕಿಟ್ಟು, ಉಳಿದದ್ದಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಬೆಂಚಿನ ಮೇಲೆ ನಾಲ್ಕು ಪಿಸ್ಟನ್. ಪಕ್ಕದಲ್ಲಿ ಹೊಸ ರಿಂಗುಗಳ ಡಬ್ಬಿ.

ಗ್ಯಾರೇಜಿನವ ಕೈ ಒರೆಸಿಕೊಳ್ಳುತ್ತ ಬಂದ. ಕೇಳುವ ಮೊದಲೇ ಶುರು ಮಾಡಿದ.

"ಪಿಸ್ಟನ್ ರಿಂಗ್ ಸವೆದುಹೋಗಿತ್ತು ಮೇಡಂ. ಆಯಿಲ್ ಸಿಲಿಂಡರ್ ಒಳಗೆ ನುಗ್ಗಿ ಉರೀತಿತ್ತು. ನೀಲಿ ಹೊಗೆ ಅಂದ್ರೆ ನೀಲಿ ಹೊಗೆ. ಮೊನ್ನೇನೇ ಬಿಚ್ಚಿ ಹಾಕಿದೀನಿ. ತಲೆ ಇಲ್ದಿರೋ ಇಂಜಿನ್ನು ರಸ್ತೆಗೆ ಹೆಂಗೆ ಇಳಿಯುತ್ತೆ, ನೀವೇ ಹೇಳಿ."

"ಬಟ್ಟೆ ತೆಗೀರಿ, ನೋಡೋಣ."

"ಬೇಡಿ ಮೇಡಂ. ಸಿಲಿಂಡರ್ ಒಳಗೋಡೆ ಉಜ್ಜಿ ಹದ ಮಾಡಿಟ್ಟಿದೀನಿ. ಒಂದು ಕಾಳು ಮರಳು ಬಿದ್ರೂ ಗೀರು ಬೀಳುತ್ತೆ. ಹೊಸ ರಿಂಗ್ ಹಾಕಿದ್ದೂ ದಂಡ ಆಗುತ್ತೆ."

ಮಾತು ಸರಿಯಾಗಿಯೇ ಇತ್ತು. ಅವಳು ಬೆಂಚಿನ ಮೇಲಿನ ಪಿಸ್ಟನ್ನುಗಳನ್ನು ಸುತ್ತಲಿಂದ ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೊರಟಳು. ಮನಸ್ಸು ಹಗುರಾಗಿತ್ತು. ಮೇಷ್ಟ್ರಲ್ಲವಲ್ಲ, ಸದ್ಯ.

*

ಮೀಸೆ ಟ್ಯಾಕ್ಸಿಯವನ ಕಾರು ನೋಡಿದ ಕೂಡಲೇ ಠಾಣೆಯ ಸಾಹೇಬರು ಕೈ ತಟ್ಟಿದರು. ಎಡಗಡೆಯ ಬಂಪರ್ ತಗ್ಗಾಗಿತ್ತು. ಅಲ್ಲಿರಬೇಕಾದ ಮಂಜಿನ ದೀಪ ಇರಲೇ ಇಲ್ಲ.

"ಗೇಟಿನ ಕಂಬಕ್ಕೆ ಗುದ್ದಿದ್ದು ಸಾರ್. ನಮ್ಮತ್ತೆ ಮನೆ ಗೇಟು," ಅಂದ ಮೀಸೆ.

"ಯಾವಾಗ?"

"ಹೋದ ತಿಂಗಳು. ಕೇಳಿ ಬೇಕಾದ್ರೆ ನಮ್ಮತ್ತೇನ."

"ನಿಮ್ಮತ್ತೆ ಸುಳ್ಳು ಹೇಳಲ್ವಾ?"

"ನನ್ನ ಪರವಾಗಿ ಹೇಳಲ್ಲ ಸಾರ್. ನಾನು ಒಳಗೆ ಹೋದ್ರೆ ಅವ್ರಿಗೇ ಸಂತೋಷ."

ಸಾಹೇಬರು ನಗಲಿಲ್ಲ. "ಕೂರಿಸಿ ಇವನನ್ನ," ಅಂದರು. "ನಾಳೆ ಸಂಜೆಯೊಳಗೆ ಕಾಗದ ಪತ್ರ ಮುಗೀಬೇಕು. ಸಿಳ್ಳೆ ಸರಿ, ಬಣ್ಣ ಸರಿ, ದೀಪ ಸರಿ. ಇನ್ನೇನು ಬೇಕು?"

"ಹೊಗೆ ಬೇಕು ಸಾರ್," ಅಂದಳು ಅವಳು.

"ಏನು?"

ಅವಳು ಕೀಲಿ ತೆಗೆದುಕೊಂಡು ಹೊರಟೇಬಿಟ್ಟಳು. ಮೀಸೆಯ ಕಾರನ್ನು ನೀರಿನ ಟ್ಯಾಂಕಿನ ಏರಿನಲ್ಲಿ ಹತ್ತಿಸಿದಳು. ಕೆಳಗಿನ ಗೇರಿನಲ್ಲಿ, ಪೆಡಲನ್ನು ನೆಲ ಮುಟ್ಟುವಂತೆ ತುಳಿದು. ಟರ್ಬೊ ಸಿಳ್ಳೆ ಹಾಕಿತು. ಕನ್ನಡಿಯಲ್ಲಿ ನೋಡಿದಳು. ಹಿಂದೆ ಕಾನ್‌ಸ್ಟೇಬಲ್ ಬೈಕಿನಲ್ಲಿ ಬರುತ್ತಿದ್ದ. ಮಫ್ತಿಯಲ್ಲಿದ್ದ ಅವನ ಬಿಳಿ ಅಂಗಿ ಬಿಳಿಯಾಗಿಯೇ ಕಾಣುತ್ತಿತ್ತು. ಮತ್ತೆ ಇಳಿದು ಮತ್ತೆ ಹತ್ತಿಸಿದಳು. ಹೊಗೆಯ ಸುಳಿವೂ ಇಲ್ಲ.

ಏರಿನ ಮೇಲೆ ಕಾರು ನಿಲ್ಲಿಸಿ ಕೂತಳು. ಗ್ಯಾರೇಜಿನವನ ಮಾತು ಕಿವಿಯಲ್ಲಿ ಕೊರೆಯತೊಡಗಿತು. ನೀಲಿ ಹೊಗೆ ಅಂದ್ರೆ ನೀಲಿ ಹೊಗೆ. ಹೊಗೆಯ ಮಾತನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವನು ರಿಂಗು ಸವೆದದ್ದಕ್ಕೆ ಸಾಕ್ಷಿ ಕೊಡಲು ಹೋಗಿ ತಾನಾಗಿಯೇ ಆಡಿದ್ದ.

ಹೊಗೆ ಬಿಡುವ ಕಾರು ಒಂದೇ. ಅದು ಬಿಚ್ಚಿಟ್ಟಿತ್ತು. ನಿಜವಾಗಿಯೂ ಬಿಚ್ಚಿಟ್ಟಿತ್ತೇ?

*

ಮರುದಿನ ಬೆಳಿಗ್ಗೆ ಅವಳು ವಾಹನ ತಪಾಸಣಾಧಿಕಾರಿಯ ಕಚೇರಿಗೆ ಹೋದಳು. ದಪ್ಪ ಕನ್ನಡಕದ ಮನುಷ್ಯ. ಮನುಷ್ಯರ ಜೊತೆ ಮಾತು ಕಡಿಮೆ, ಇಂಜಿನ್ನಿನ ವಿಷಯ ಬಂದರೆ ನಿಲ್ಲಿಸುವುದು ಕಷ್ಟ. ಫೋಟೊ ತೋರಿಸಿದಳು. ಅವರು ಬೆರಳಿನಿಂದ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಟರ್ಬೊ ಗಾಡೀದು ಅಂದ್ರಾ?"

"ಹೌದು."

"ಅಲ್ಲ."

"ಅಂದ್ರೆ?"

"ಟರ್ಬೊ ಇಂಜಿನ್‌ನಲ್ಲಿ ಪಿಸ್ಟನ್ನು ಸಿಕ್ಕಾಪಟ್ಟೆ ಕಾಯುತ್ತೆ. ತಣ್ಣಗಿಡೋಕೆ ಕೆಳಗಿಂದ ಆಯಿಲ್ ಚಿಮ್ಮಿಸ್ತಾರೆ. ಅದಕ್ಕೊಂದು ಸಣ್ಣ ನಳಿಗೆ ಇರುತ್ತೆ. ಪಿಸ್ಟನ್ ಕೆಳಗಿಳಿದಾಗ ಆ ನಳಿಗೆಗೆ ತಾಗಬಾರ್ದಲ್ಲ? ಅದಕ್ಕೆ ಈ ಮಾದರೀಲಿ ಪಿಸ್ಟನ್ನಿನ ಕೆಳ ಅಂಚಿನಲ್ಲಿ ಚೂರು ಕೊರೆದು ಒಂದು ಕಚ್ಚು ಕೊಟ್ಟಿರ್ತಾರೆ. ಇಲ್ಲಿ ನಾಲ್ಕರಲ್ಲೂ ಅಂಚು ಸಲೀಸಾಗಿದೆ. ಇವು ಟರ್ಬೊ ಇಲ್ಲದ ಸಾದಾ ಗಾಡೀವು. ಅಳತೆ ಒಂದೇ, ಜಾತಿ ಬೇರೆ."

ಅವಳು ಎದ್ದು ನಿಂತಳು. "ಸಾರ್, ಈಗ್ಲೇ ನನ್ ಜೊತೆ ಬರ್ಬೇಕು."

"ತಿಂಡಿ..."

"ದಾರೀಲಿ ತಿನ್ನೋಣ."

ಗ್ಯಾರೇಜಿನವ ಈ ಸಲ ನಗುನಗುತ್ತ ಬಂದ. ಬಟ್ಟೆಯನ್ನು ತಾನೇ ಎತ್ತಿದ. ನಾಲ್ಕೂ ಸಿಲಿಂಡರ್ ಖಾಲಿ. ಬೆಂಚಿನ ಮೇಲೆ ನಾಲ್ಕು ಪಿಸ್ಟನ್. ತಪಾಸಣಾಧಿಕಾರಿ ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಅಚ್ಚುಕಟ್ಟಾದ ಕಚ್ಚು.

"ಇದು ಟರ್ಬೊದ್ದೇ," ಅಂದರು.

ಗ್ಯಾರೇಜಿನವನ ಮುಖ ಅರಳಿತು. "ಮತ್ತೆ? ನಾನು ಹೇಳ್ಲಿಲ್ವಾ ಮೇಡಂ?"

ಅವಳು ಫೋನನ್ನು ಆ ಪಿಸ್ಟನ್ನಿನ ಪಕ್ಕ ಹಿಡಿದಳು. "ನಿನ್ನೆ ಇದೇ ಬೆಂಚಿನ ಮೇಲಿದ್ದಿದ್ದು ಇವು. ಕಚ್ಚು ಇಲ್ಲ. ಇವತ್ತು ಕಚ್ಚು ಇದೆ. ಒಂದೇ ರಾತ್ರೀಲಿ ಪಿಸ್ಟನ್ನಿಗೆ ಕಚ್ಚು ಮೂಡುತ್ತಾ?"

ಅವನ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು.

ತಪಾಸಣಾಧಿಕಾರಿ ಸಿಲಿಂಡರಿನೊಳಗೆ ಟಾರ್ಚ್ ಬಿಟ್ಟರು. "ಒಳಗೋಡೆ ಹದ ಮಾಡಿದ್ರೆ ಅಡ್ಡಡ್ಡ ಸಣ್ಣ ಗೆರೆ ಕಾಣ್ಬೇಕು. ಇದು ಕನ್ನಡಿ ಥರ ನುಣ್ಣಗಿದೆ. ಇದಕ್ಕೆ ಯಾರೂ ಕೈ ಹಚ್ಚಿಲ್ಲ."

ಅವಳು ಹಿತ್ತಲಿಗೆ ನಡೆದಳು. ಗುಜರಿ ಸಾಮಾನಿನ ನಡುವೆ ಅದೇ ಮಾದರಿಯ ಹಳೇ ಕಾರೊಂದು ಇಟ್ಟಿಗೆಗಳ ಮೇಲೆ ನಿಂತಿತ್ತು. ಟರ್ಬೊ ಇಲ್ಲದ್ದು. ಇಂಜಿನ್ನಿನ ಹೊಟ್ಟೆ ಬರಿದಾಗಿತ್ತು. ಬಂಪರಿನ ಎಡಗಡೆ ದೀಪ ಇದ್ದ ಜಾಗದಲ್ಲಿ ತೂತು. ತೂತಿನ ಸುತ್ತ ಮಾತ್ರ ಧೂಳಿರಲಿಲ್ಲ.

ತಿರುಗಿ ನೋಡಿದಳು. ಗ್ಯಾರೇಜಿನವ ಟೈರಿನ ಮೇಲೆ ಕೂತುಬಿಟ್ಟಿದ್ದ.

"ನನ್ ಹೆಂಡ್ತಿ ಅಕ್ಕನ ಗಂಡ ಮೇಡಂ. ನಿನ್ನೆ ಬೆಳಿಗ್ಗೆ ಗಾಡಿ ತಂದು ನಿಲ್ಸಿದ್ರು. ಕಾಲಿಗೆ ಬಿದ್ರು. ಅಷ್ಟು ದೊಡ್ಡ ಮನುಷ್ಯ ಕಾಲಿಗೆ ಬಿದ್ರೆ ಏನ್ಮಾಡ್ಲಿ?"

*

ಡ್ರೈವಿಂಗ್ ಶಾಲೆಯ ಕೋಣೆಯ ಗೋಡೆಗಳ ತುಂಬ ರಸ್ತೆ ಚಿಹ್ನೆಗಳು. ಮೇಷ್ಟ್ರು ಮೇಜಿನ ಹಿಂದೆ ಕೂತಿದ್ದರು. ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಹಿಂದೆ ಕಲಿಯಲು ಬಂದಾಗ ಕೂತಿದ್ದ ಹಾಗೆಯೇ.

ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಒಂದೇ ಪ್ರಶ್ನೆ. ಇಷ್ಟು ವರ್ಷ ಗಾಡಿ ಓಡಿಸಿದ ಕೈ, ನೇರ ರಸ್ತೆಯಲ್ಲಿ, ಎದುರಿಗಿದ್ದ ಸೈಕಲ್ಲಿಗೆ ಹೇಗೆ ಗುದ್ದಿತು? ಉತ್ತರ ಹೊಳೆದಾಗ ಅವಳಿಗೆ ಖುಷಿಯಾಗಲಿಲ್ಲ.

ಫೋನನ್ನು ಅವರ ಮುಂದೆ ಹಿಡಿದಳು. "ಮೇಷ್ಟ್ರೇ, ಇವು ನಿಮ್ಮ ಗಾಡಿ ಪಿಸ್ಟನ್ನೇ ಅಲ್ವಾ?"

ಅವರು ಮುಖವನ್ನು ಹಿಂದೆ ಎಳೆದುಕೊಂಡರು. ಮತ್ತೆ ಮುಂದೆ ತಂದರು. "ಹೌದಮ್ಮಾ. ನಾಲ್ಕೂ ನನ್ನವೇ."

"ಅವು ಟೀ ಕಪ್ಪು ಮೇಷ್ಟ್ರೇ. ಸ್ಟೇಷನ್ ಮೇಜಿನ ಮೇಲೆ ಬೋರಲು ಹಾಕಿ ನಾನೇ ತೆಗೆದ ಫೋಟೊ."

ಅವರ ಬೆರಳುಗಳು ಮೇಜಿನ ಅಂಚನ್ನು ತಡಕಿ ಹಿಡಿದವು.

"ಎಷ್ಟು ದಿನದಿಂದ ಹೀಗೆ?"

"ಪೊರೆ ಬಂದಿದೆ ಅಂದ್ರು ಡಾಕ್ಟ್ರು. ಆಪರೇಷನ್ ಮಾಡ್ಸಿ, ಅಲ್ಲೀವರೆಗೂ ಗಾಡಿ ಮುಟ್ಬೇಡಿ ಅಂದ್ರು. ಕಣ್ಣು ಕಾಣದ ಮೇಷ್ಟ್ರ ಹತ್ರ ಯಾರಮ್ಮಾ ಡ್ರೈವಿಂಗ್ ಕಲೀತಾರೆ?"

"ಅದಕ್ಕೇ ಇಂಜಿನ್ ಬಿಚ್ಚಿಸಿದ್ರಿ."

"ರಿಂಗು ಹಾಕ್ಸೋದಿತ್ತು. ಇವತ್ತು ನಾಳೆ ಅಂತ ಮುಂದೂಡ್ತಿದ್ದೆ. ಬಿಚ್ಚಿದ್ದ ಗಾಡಿ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡೆ."

"ನನಗೂ ಬರಲಿಲ್ಲ. ನಿನ್ನೆ ನಂಬ್ಕೊಂಡೇ ಹೋದೆ." ಅವಳ ದನಿ ಗಟ್ಟಿಯಾಗಿತ್ತು. "ಆದ್ರೆ ಇಂಜಿನ್ನಿನ ತಲೆ ತೆಗೆಯೋಕೇ ಅರ್ಧ ದಿನ ಬೇಕು. ನಾನು ಬಂದಾಗ ನಿಮ್ಮ ಷಡ್ಡಕ ಅಲ್ಲೀವರೆಗೆ ಮಾತ್ರ ಮುಟ್ಟಿದ್ದ. ನಿಮ್ಮ ಪಿಸ್ಟನ್ನುಗಳು ಇನ್ನೂ ಸಿಲಿಂಡರ್ ಒಳಗೇ, ಬಟ್ಟೆ ಕೆಳಗೇ ಇದ್ವು. ಬೆಂಚಿನ ಮೇಲೆ ಇಟ್ಟಿದ್ದು ಮೊದಲೇ ಬಿಚ್ಚಿಟ್ಟಿದ್ದ ಗುಜರಿ ಗಾಡೀವು. ಬಂಪರಿಗೆ ಹಾಕಿದ ದೀಪಾನೂ ಅದರದ್ದೇ. ಆಮೇಲೆ ಕೂತು ನಿಜವಾದ ಪಿಸ್ಟನ್ ತೆಗೆದು ಬದಲಾಯಿಸಿಟ್ಟ. ಹಾಗೇ ಬಿಟ್ಟಿದ್ರೆ ಏನೋ ತಪ್ಪು ಪಿಸ್ಟನ್ ತಂದಿದ್ದೆ ಅಂತಾದ್ರೂ ಹೇಳ್ಬಹುದಿತ್ತು. ಸರಿ ಮಾಡೋಕೆ ಹೋಗಿಯೇ ಸಿಕ್ಕಿಬಿದ್ದ."

ಮೇಷ್ಟ್ರು ತಲೆ ತಗ್ಗಿಸಿದರು. "ನನಗೆ ಕಾಣ್ಲಿಲ್ಲಮ್ಮಾ. ಆಣೆಗೂ ಕಾಣ್ಲಿಲ್ಲ. ಮಂಜು, ಎದುರು ದೀಪದ ಬೆಳಕು. ಏನೋ ಬಡೀತು. ಅಷ್ಟೇ."

"ಏಳಿ ಮೇಷ್ಟ್ರೇ," ಅಂದಳು. ಎದ್ದು ನಿಲ್ಲುವಾಗ ಅವರು ಎಡವಿದರು. ಅವಳು ತೋಳು ಹಿಡಿದುಕೊಂಡಳು. ಹೊರಗೆ ಜೀಪಿನವರೆಗೂ ಬಿಡಲಿಲ್ಲ.

*

ಮೀಸೆಯನ್ನು ಬಿಟ್ಟು ಕಳಿಸಿದರು. ಅವಳು ಎಲ್ಲರೆದುರಿಗೇ "ತಪ್ಪಾಯ್ತು" ಅಂದಳು.

"ನಮ್ಮತ್ತೆಗೆ ನೀವೇ ಒಂದು ಫೋನ್ ಮಾಡಿ ಮೇಡಂ," ಅಂದ ಮೀಸೆ. "ನಾನು ಹೇಳಿದ್ರೆ ನಂಬಲ್ಲ."

ಸಂಜೆ ಪೇಪರಿನವನ ಹೆಂಡತಿ ಬಂದಳು. ಸಬ್ ಇನ್‌ಸ್ಪೆಕ್ಟರ್ ಎದ್ದು ಕುರ್ಚಿ ಕೊಟ್ಟಳು. ಯಾರು, ಹೇಗೆ, ಯಾಕೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಕಣ್ಣಿನ ಪೊರೆಯ ವಿಷಯವನ್ನೂ.

ಹೆಂಗಸು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಕಾಣ್ಲಿಲ್ಲ ಅಂತಾರಾ?"

"ಹೌದಕ್ಕಾ."

"ಸರಿ, ಕಾಣ್ಲಿಲ್ಲ. ನಾನು ಕೂಗಿದ್ದು? ಇಡೀ ಬೀದಿ ಎದ್ದು ಬಂತು ನನ್ನ ಕೂಗಿಗೆ. ಅದು ಕೇಳಿಸ್ತಾ?"

ಸಬ್ ಇನ್‌ಸ್ಪೆಕ್ಟರಿಗೆ ಅದನ್ನು ಕೇಳುವುದೇ ಮರೆತಿತ್ತು. ಅವಳು ಎದ್ದು ಒಳಗೆ ಹೋದಳು. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ಹೆಜ್ಜೆಯ ಸದ್ದಿಗೇ ಅವಳ ಗುರುತು ಹಿಡಿದು ಮುಖ ಎತ್ತಿದರು.

ಅವಳು ಪ್ರಶ್ನೆ ಕೇಳಿದಳು.

ಮೇಷ್ಟ್ರು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡರು.

"ಇನ್ನೂ ಕೇಳಿಸ್ತಿದೆ," ಅಂದರು.

ಅವಳು ಹೊರಗೆ ಬಂದು ಹೆಂಗಸಿನ ಎದುರು ಕೂತಳು. "ಕೇಳಿಸಿದೆ ಅಕ್ಕಾ," ಅಂದಳು. ಪೆನ್ನು ತೆಗೆದು, ಮೇಷ್ಟ್ರ ಹೇಳಿಕೆಯ ಕೆಳಗೆ ಆ ಮಾತನ್ನೂ ಸೇರಿಸಿದಳು.