ನುಚ್ಚಕ್ಕಿ ಹಲ್ಲಿನ ರಾಣಿ

“ಕೈ ಹಾಕು, ಕಾಲು ಹಾಕು, ಸೀರೆಗೆ ಜರತಾರಿ ಬೇಕಾದ್ರೂ ಬರಿ. ಬಾಯೊಂದು ಮಾತ್ರ ಕೊಡಬ್ಯಾಡ ಕಣಪ್ಪ.”

ಆವತಿಯ ಪಿಳ್ಳಮ್ಮ ಇದನ್ನು ಮೂರನೆಯ ಸಲ ಹೇಳಿದಾಗ ಸಂಜೀವಪ್ಪನಿಗೆ ನಗು ತಡೆಯಲಾಗಲಿಲ್ಲ. ಎಂಬತ್ತರ ಮುದುಕಿ, ಎತ್ತಿನ ಗಾಡಿಯಲ್ಲಿ ಐದು ಮೈಲಿ ಕುಲುಕಿಸಿಕೊಂಡು ದೇವನಹಳ್ಳಿಗೆ ಬಂದಿದ್ದಳು, ಮುರಿದ ಬೊಂಬೆಯೊಂದನ್ನು ಅರ್ಧ ಮಾತ್ರ ರಿಪೇರಿ ಮಾಡು ಎಂದು ಹೇಳುವುದಕ್ಕೆ.

ಸಂಜೀವಪ್ಪ ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಮೈಸೂರಿನಲ್ಲಿ ಒಬ್ಬ ಹಳೆಯ ಚಿತ್ರಗಾರರ ಬಳಿ ಒಂಬತ್ತು ವರ್ಷ ಕಲಿತು, ಕೋಟೆ ಬೀದಿಯಲ್ಲಿ ಒಂದು ಮನೆ ಹಿಡಿದು, ಮುಂದಿನ ಕೋಣೆಗೆ ‘ಬೊಂಬೆಗಳ ಆಸ್ಪತ್ರೆ’ ಎಂದು ಬೋರ್ಡು ಬರೆದು ತೂಗುಹಾಕಿದ್ದ. ಊರು ಮೊದಲ ವಾರ ಬಂದು ನಕ್ಕು ಹೋಯಿತು. ಎರಡನೆಯ ವಾರ ಮೂಗು ಮುರಿದ ಕೃಷ್ಣರನ್ನೂ ಸೊಂಡಿಲು ಹೋದ ಗಣಪತಿಗಳನ್ನೂ ಹಿಡಿದುಕೊಂಡು ಬಂದಿತು. ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಯುದ್ಧದಿಂದಾಗಿ ಹೊಸದೇನೂ ಸಿಗದ ಕಾಲದಲ್ಲಿ ಹಳತಿಗೆ ಮರ್ಯಾದೆ ಬಂದಿತ್ತು.

“ಹೆಂಗಸಿಗೆ ಬಾಯಿ ಬೇಡ ಅಂತ ಹೆಂಗಸೇ ಹೇಳೋದನ್ನ ಇವತ್ತೇ ಕೇಳಿದ್ದು ಅಜ್ಜಿ,” ಎಂದ ಸಂಜೀವಪ್ಪ.

ಒಳಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಅನುಸೂಯಮ್ಮ ನಗು ಅಡಗಿಸಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದುಕಿ ನಗಲಿಲ್ಲ.

“ನಮ್ಮತ್ತೆ ಅವ್ಳ ಸವತಿ ಮ್ಯಾಲೆ ಮಾಟ ಮಾಡ್ಸಿದ್ದು ಇದ್ರಾಗೆ. ಹೊಟ್ಟೆ ಒಳಗೆ ಸವತಿ ತಲೆಗೂದ್ಲು ಐತೆ, ಅವ್ಳು ಉಂಡು ಬಿಟ್ಟ ಎಂಜಲನ್ನ ಐತೆ. ಆವತ್ತಿಂದ ಆ ಸವತಿ ಮಾತಾಯಿಗೆ ಹಸಿವು. ತಿಂದಷ್ಟೂ ಹಸಿವು. ಕೊನೇಗೆ ಗೋಡೆ ಸುಣ್ಣ ಕೆರಕಂಡು ತಿಂದ್ಲು, ಕೂದ್ಲು ಕಿತ್ಕಂಡು ತಿಂದ್ಲು, ಗಂಟ್ಲು ಕಟ್ಟಿ ಸತ್ಲು. ಅವ್ಳು ಸತ್ರೂ ಬೊಂಬೆ ಸುಮ್ಕಿರ್ಲಿಲ್ಲ. ಅದ್ಕೇ ನಮ್ಮತ್ತೆ ಅದ್ರ ಬಾಯಿ ಒಡ್ದಿದ್ದು.”

“ಅವ್ವ, ಸಾಕು,” ಎಂದು ಅವಳ ಮಗ ಅಪ್ಪಯ್ಯಣ್ಣ ಗೊಣಗಿದ. ಐವತ್ತರ ಹತ್ತಿರದ ಜಮೀನುದಾರ. ಹಿಂದಿನ ವರ್ಷದ ನವರಾತ್ರಿಯಲ್ಲಿ ಅಮಲ್ದಾರರ ಮನೆಯ ಬೊಂಬೆ ಸಾಲನ್ನು ನೋಡಿ ಬಂದ ಅವನ ಹೆಂಡತಿ ತಾನೂ ಬೊಂಬೆ ಕೂರಿಸಬೇಕೆಂದು ಹಿಡಿದ ಹಟ ಇನ್ನೂ ಬಿಟ್ಟಿರಲಿಲ್ಲ. ಅಟ್ಟ ಹುಡುಕಿದಾಗ ರಾಜ-ರಾಣಿಯ ಜೋಡಿ ಸಿಕ್ಕಿತ್ತು. ರಾಜನಿಗೆ ಕಿರೀಟದ ತುದಿ ಮಾತ್ರ ಹೋಗಿತ್ತು. ರಾಣಿಗೆ ಮೂಗಿನ ಕೆಳಗೆ ಏನೂ ಇರಲಿಲ್ಲ. “ಬಾಯೇ ಇಲ್ದಿರೋ ರಾಣೀನ ಮೆಟ್ಲ ಮೇಲೆ ಕೂರ್ಸುದ್ರೆ ಅಮಲ್ದಾರ್ರ ಹೆಂಡ್ತಿ ಏನಂದಾಳು? ನೀವು ಮಾಡ್ರಿ ಮೇಷ್ಟ್ರೆ.”

ಗಾಡಿ ಹತ್ತುವ ಮುಂಚೆ ಮುದುಕಿ ಇನ್ನೊಮ್ಮೆ ತಿರುಗಿ ಬಂದಳು. “ಹೋಗ್ಲಿ, ಎಂಜಲಾದ್ರೂ ಮುಟ್ಟಿಸಬ್ಯಾಡ. ಅದ್ಕೆ ಎಂಜಲು ಮುಟ್ಟಿಸ್ದೋರು ಅದ್ರ ಜೊತೆ ಒಂದೇ ಎಲೇಲಿ ಉಂಡಂಗೆ.”

ಸಂಜೀವಪ್ಪ ಕೈ ಮುಗಿದ. ಆಗಲಿ ಎಂದ. ಆದರೆ ಅವನ ಕಸುಬಿನ ಅರ್ಧ ವಿದ್ಯೆ ಇದ್ದದ್ದೇ ಎಂಜಲಿನಲ್ಲಿ. ಹಳೆಯ ಬಣ್ಣದ ಮೇಲಿನ ಕೊಳೆ ತೆಗೆಯಲು ನೀರು ಹಾಕಿದರೆ ಬಣ್ಣವೂ ಎದ್ದುಬರುತ್ತದೆ, ಎಂಜಲಾದರೆ ಕೊಳೆ ಮಾತ್ರ ಬಿಡುತ್ತದೆ ಎಂದು ಗುರುಗಳು ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಅಳಿಲು ಕೂದಲಿನ ಕುಂಚಕ್ಕೆ ಮೊನೆ ತರುವುದು ತುಟಿಯಿಂದ. ಅಂಟು ಹದಕ್ಕೆ ಬಂತೋ ಇಲ್ಲವೋ ನೋಡುವುದು ನಾಲಿಗೆಯಿಂದ. ಅವನು ಇವನ್ನೆಲ್ಲ ಮಾಡುತ್ತಿದ್ದೇನೆಂದು ಯೋಚಿಸಿ ಮಾಡುತ್ತಿರಲಿಲ್ಲ. ರೆಪ್ಪೆ ಬಡಿದಂತೆ ಅದು.

ಒಂದೂವರೆ ಗೇಣಿನ ರಕ್ತಚಂದನದ ರಾಣಿ. ಮೈಮೇಲೆ ಎರಡು ತಲೆಮಾರಿನ ಹೊಗೆ, ಜಿಡ್ಡು. ಬಟ್ಟೆಯ ತುದಿಗೆ ಉಗುಳಿಕೊಂಡು ಅವನು ಕೆನ್ನೆ ಉಜ್ಜಿದ, ಕಪ್ಪು ಕರಗಿ ಕೆಂಪು ಕಂಡಿತು. ಅದೇ ತುದಿಯನ್ನು ಮತ್ತೆ ತುಟಿಗಿಟ್ಟುಕೊಂಡ. ಹೊಟ್ಟೆಯ ಮೇಲೆ ಅರಗು ಹಾಕಿ ಮುಚ್ಚಿದ ಒಂದು ಬಿಲ್ಲೆ ಇತ್ತು. ಅದರ ಸಂದಿನಿಂದ ಬರುತ್ತಿದ್ದುದು ಕಮಟು ಎಣ್ಣೆಯ ವಾಸನೆ; ಅದರ ಹಿಂದೆ ಇನ್ನೊಂದು, ತೊಳೆಯದ ತಂಗಳು ಪಾತ್ರೆಯ ವಾಸನೆ. ಬಿಲ್ಲೆಯನ್ನು ಅವನು ಮುಟ್ಟಲಿಲ್ಲ.

ಹಾಲೆಮರದ ತುಂಡಿನಲ್ಲಿ ದವಡೆ ಕೆತ್ತಿದ. ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಸಂದು ತುಂಬಿದ. ದವಡೆ ಎಷ್ಟು ಚೆನ್ನಾಗಿ ಕೂತಿತೆಂದರೆ, ತುಟಿ ಮುಚ್ಚಿಬಿಡಲು ಅವನಿಗೆ ಮನಸ್ಸಾಗಲಿಲ್ಲ. ನಗುವ ಹಾಗೆ ಸ್ವಲ್ಪ ತೆರೆದು, ಹಲ್ಲು ಕೂರಿಸಬೇಕೆನಿಸಿತು. ರೇಷನ್ ಅಕ್ಕಿಯಲ್ಲಿ ನುಚ್ಚಿಗೇನು ಬರವಿರಲಿಲ್ಲ. ಸಮನಾದ ಎಂಟು ನುಚ್ಚು ಆರಿಸಿ, ದರ್ಜಿಗಳು ಗುಂಡುಸೂಜಿ ಕಚ್ಚಿಕೊಂಡಿರುವಂತೆ ತನ್ನ ದವಡೆಯ ಸಂದಿಯಲ್ಲಿ ಇಟ್ಟುಕೊಂಡ. ನೆನೆದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಒಂದೊಂದಾಗಿ ತನ್ನ ಬಾಯಿಂದ ತೆಗೆದು ರಾಣಿಯ ಬಾಯಲ್ಲಿಟ್ಟ. ಎಂಟನೆಯದು ಕೂತಾಗ ‘ಟಕ್’ ಎಂದಿತು. ಮರ ಒಣಗುವ ಸದ್ದು ಎಂದುಕೊಂಡ.

ಒಳಗಿಂದ ಊಟಕ್ಕೆ ಕರೆ ಬಂತು.

ನಾಲ್ಕು ವರ್ಷದ ಮಗಳು ಮುತ್ತು ತನ್ನ ತಟ್ಟೆಯಲ್ಲಿ ಏನಿದ್ದರೂ ತಿನ್ನುತ್ತಿರಲಿಲ್ಲ. ಅಪ್ಪನ ತಟ್ಟೆಯಲ್ಲಿ, ಅಪ್ಪನ ಎಂಜಲು ಮುದ್ದೆಯೇ ಆಗಬೇಕು. ಅಂದೂ ತೊಡೆಯ ಮೇಲೆ ಕೂತು ಬಾಯಿ ತೆರೆದಳು. ಅವನೊಂದು ತುತ್ತು ನುಂಗಿದ, ಅವಳಿಗೊಂದು ಕೊಟ್ಟ. ಎರಡು ಮುದ್ದೆ ಮುಗಿದರೂ ಹೊಟ್ಟೆಗೆ ಏನೂ ಇಳಿದ ಹಾಗಿರಲಿಲ್ಲ. ಮೂರನೆಯದರಲ್ಲಿ ನಾಲಿಗೆಗೆ ಕೂದಲು ಸಿಕ್ಕಿತು.

ಎಳೆದ. ಬಂತು. ಇನ್ನೂ ಎಳೆದ. ಇನ್ನೂ ಬಂತು. ಗಂಟಲ ಆಳದಲ್ಲಿ ಏನೋ ಕಚಗುಳಿಯಿಟ್ಟು ಜಾರಿತು. ಮೊಳದುದ್ದದ ಕೂದಲು, ಅರ್ಧ ನರೆತದ್ದು, ತುದಿಯಲ್ಲಿ ಕರ್ರಗಾದ ಅನ್ನದ ಅಗುಳೊಂದು ಅಂಟಿಕೊಂಡಿತ್ತು.

“ತಲೆ ಕಟ್ಕೊಂಡು ಅಡುಗೆ ಮಾಡೋಕಾಗಲ್ವೇನೇ?”

“ಇಷ್ಟುದ್ದ ಕೂದಲು ನಂಗಿದ್ದಿದ್ರೆ ನಿಮ್ಮನ್ನ ಯಾಕ್ರೀ ಮದ್ವೆ ಆಗ್ತಿದ್ದೆ?” ಎಂದಳು ಅನುಸೂಯಮ್ಮ. ಆಮೇಲೆ ಆ ಕೂದಲನ್ನು ಸರಿಯಾಗಿ ನೋಡಿದಳು. ತನ್ನ ತುರುಬು ಮುಟ್ಟಿ ನೋಡಿಕೊಂಡಳು.

ಮರುದಿನ ಬೆಳಿಗ್ಗೆ ಇಳಿಸಿದ ಅನ್ನ ಬಿಸಿ ಆರುವ ಮೊದಲೇ ನೂಲು ನೂಲಾಗಿ ಹಳಸಿತು. ಹಾಲು ಕಾಯಿಸಿದ ಪಾತ್ರೆಯಲ್ಲೇ ಹಸಿರು ಕಟ್ಟಿತು. ಸಂಜೀವಪ್ಪ ಅದನ್ನೂ ಉಂಡ. ಹಳಸಲು ಎಂದು ಮೂಗು ಹೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಮಧ್ಯಾಹ್ನ ಕೆಲಸಕ್ಕೆ ಕೂತವನು, ಎಚ್ಚರಾದಂತೆ ತಲೆಯೆತ್ತಿ ನೋಡಿಕೊಂಡರೆ, ಅಂಟಿನ ಕುಡಿಕೆ ಖಾಲಿಯಾಗಿತ್ತು, ಬೆರಳು ಬಾಯಲ್ಲಿತ್ತು. ಕುಡಿಕೆಯ ತಳದಲ್ಲಿ ಸತ್ತುಬಿದ್ದಿದ್ದ ಜಿರಲೆಗಳೂ ಇರಲಿಲ್ಲ. ಹಲ್ಲಿನ ಸಂದಿಯಲ್ಲಿ ಒಂದು ಕಾಲು ಸಿಕ್ಕಿಕೊಂಡಿತ್ತು.

ಹಲಗೆಯ ಮೇಲೆ ರಾಣಿ ನಗುತ್ತಿದ್ದಳು. ತುಟಿಯ ಕೊನೆ ಒದ್ದೆಯಾಗಿತ್ತು. ನುಚ್ಚಕ್ಕಿ ಬೆಂದ ಅಗುಳಿನಂತೆ ಉಬ್ಬಿ, ಹಳದಿಗಟ್ಟಿತ್ತು. ಎಂಟು ಹಲ್ಲು ಕೂರಿಸಿದ್ದ. ಈಗ ಎಣಿಸಿದರೆ ಹದಿಮೂರು. ಐದು ಅಲುಗಾಡುತ್ತಿದ್ದವು.

ವಿದ್ಯಾವಂತರಿಗೆ ಇಂಥ ಹೊತ್ತಿನಲ್ಲಿ ಒಂದು ಅನುಕೂಲವಿದೆ: ಕಾರಣ ಹುಡುಕಿಕೊಳ್ಳುತ್ತಾರೆ. ಹಸಿ ಅಂಟು, ಮುಗ್ಗಿದ ಅಕ್ಕಿ, ಹುಳು, ತನಗೆ ಪಿತ್ತ. ಸಂಜೀವಪ್ಪ ಹುಳುಗಳನ್ನು ಚಿಮುಟದಿಂದ ತೆಗೆದ. ಹೊರಗೆ ಎಸೆಯುವ ಬದಲು ಅವನ್ನೇನು ಮಾಡಿದನೆಂದು ಅವನು ಹೆಂಡತಿಗೆ ಹೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮುತ್ತು ಕಾಣಲಿಲ್ಲ. ಹಿತ್ತಿಲಿನ ಗೋಡೆಗೆ ಬೆರಣಿ ತಟ್ಟಿದ್ದ ಕಡೆಯಿಂದ ಚಪ್ಪರಿಸುವ ಸದ್ದು ಬರುತ್ತಿತ್ತು. ಮಗು ಗೋಡೆಗೆ ಮುಖ ಒತ್ತಿ ನಿಂತಿತ್ತು. ಹಸಿ ಸಗಣಿಯಲ್ಲಿ ಹಲ್ಲಿನ ಗುರುತು. ಜಡೆಯೊಂದು ಅರ್ಧದವರೆಗೆ ಬಾಯೊಳಗೆ ಹೋಗಿತ್ತು, ಕೆನ್ನೆ ಮೇಲೆ ಕೆಳಗೆ ಆಡುತ್ತಿತ್ತು.

“ಉಗೀ ಮುತ್ತು! ಉಗೀ!”

“ಅಪ್ಪಾ, ಹಸಿವು,” ಎಂದಿತು ಮಗು. ಬಾಯಿ ತೆರೆದಾಗ ತಂಗಳು ಪಾತ್ರೆಯ ವಾಸನೆ. ಅವನು ಬೆರಳು ಹಾಕಿದ. ಜಡೆ ಬಂತು. ಅದರ ಹಿಂದೆ ನರೆಗೂದಲು ಬಂತು. ಒಂದು ಹಿಡಿ. ಎರಡು ಹಿಡಿ. ಮಗು ನೀಲಿಯಾಯಿತು, ಕೆಮ್ಮಿತು, ಉಸಿರೆಳೆಯಿತು. ಉಸಿರು ಬಂದ ಕೂಡಲೇ ಅವನ ಕೈಯಲ್ಲಿದ್ದ ಒದ್ದೆ ಕೂದಲಿನ ಮುದ್ದೆಗೆ ಕೈ ಚಾಚಿತು.

ಆಗಲೇ ಬೀದಿಯಲ್ಲಿ ಗಾಡಿ ನಿಂತದ್ದು. ಅಪ್ಪಯ್ಯಣ್ಣ ಬೊಂಬೆ ಒಯ್ಯಲು ಬಂದಿದ್ದ. ಬೇಡವೆಂದರೂ ಮುದುಕಿ ಜೊತೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತು, ಮೂಗರಳಿಸಿ, ಹಲಗೆಯ ಕಡೆ ನೋಡಿದಳು.

“ಹಲ್ಲೂ ಕೊಟ್ಟಿದ್ದೀಯ,” ಎಂದಳು.

ಸಂಜೀವಪ್ಪ ಮಗುವನ್ನು ಎತ್ತಿ ತೋರಿಸಿದ. ಅವಳು ಅದರ ಬಾಯಿ ಮೂಸಿ ನೋಡಿ, “ನಿನ್ನ ತಟ್ಟೇಲಿ ಉಣ್ತದಾ?” ಎಂದಷ್ಟೇ ಕೇಳಿದಳು. ಅವನು ತಲೆಯಾಡಿಸಿದ.

“ಸುಟ್ಟುಬಿಡ್ತೀನಿ ಅಜ್ಜಿ.”

“ನಮ್ಮತ್ತೆ ಮೊದ್ಲು ಅದ್ರ ಪಾದ ಸುಟ್ಟು ನೋಡಿದ್ಲು. ತಾನೇ ಕುಂಟ್ತಾ ಓಡಾಡಿದ್ಲು, ಅಷ್ಟೇ. ಬಾಯೇ ತೆಗೀಬೇಕು. ಬಾಯಿ ಕೊಟ್ಟೋರೇ ತೆಗೀಬೇಕು.”

“ನಾನು ಒಡೀತೀನಿ, ಕೊಡಿ,” ಎಂದು ಅನುಸೂಯಮ್ಮ ಕೊಡತಿಗೆ ಕೈ ಹಾಕಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು.

“ನೀನು ಒಡೆದ್ರೆ ಮಗೀ ಬಾಯೂ ಒಡೀತದೆ ಕಣವ್ವ. ಅವ್ನೇ ಆಗ್ಬೇಕು.” ಆಮೇಲೆ ಸಂಜೀವಪ್ಪನ ಕಡೆ ತಿರುಗಿದಳು. “ಹೇಳ್ದಿದ್ರೆ ತಪ್ಪಾಗ್ತದೆ, ಕೇಳ್ಕೋ. ಒಡೆದ ಮ್ಯಾಲೆ ನಮ್ಮತ್ತೆ ಹನ್ನೆರಡು ವರ್ಷ ಮುಸುಕು ಹಾಕ್ಕಂಡೇ ಬದುಕಿದ್ಲು. ಮೂಗಿನ ಕೆಳಗೆ ಏನೂ ಇರ್ಲಿಲ್ಲ. ಗಂಟ್ಲಿಗೆ ಬಿದಿರು ಕೊಳವೆ ಇಟ್ಟು ಗಂಜಿ ಹುಯ್ತಿದ್ದೋಳು ನಾನೇ. ಮನೆಗೆ ಬಂದ ಹೊಸದ್ರಾಗೆ.”

ಅಪ್ಪಯ್ಯಣ್ಣ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತ. ಇದನ್ನು ಅವನಿಗೂ ಯಾರೂ ಹೇಳಿರಲಿಲ್ಲ.

“ಒಡೆದ್ರೆ ಮಗೂನ ಬಿಡುತ್ತಾ?”

“ಬಿಡ್ತದೆ.”

“ನನ್ನ?”

ಮುದುಕಿ ಎಲೆಅಡಿಕೆ ಚೀಲಕ್ಕಾಗಿ ಸೊಂಟ ತಡಕಿದಳು.

ಅನುಸೂಯಮ್ಮನ ಸೊಂಟದ ಮೇಲೆ ಮುತ್ತು ತಾಯಿಯ ಭುಜ ಕಚ್ಚಿಕೊಂಡಿತ್ತು. ರವಿಕೆಯ ಮೇಲೆ ಕೆಂಪು ಹರಡುತ್ತಿತ್ತು. ತಾಯಿ ಬಿಡಿಸಿಕೊಳ್ಳಲಿಲ್ಲ. “ಏನ್ರೀ...” ಎಂದಳು. ಮಾಡಿ ಎಂದಳೋ ಬೇಡ ಎಂದಳೋ, ಅವಳಿಗೇ ತಿಳಿದಿರಲಿಲ್ಲ.

ಅವನು ರಾಣಿಯನ್ನು ಎತ್ತಿಕೊಂಡ. ಬೆಚ್ಚಗಿತ್ತು. ಹೊಟ್ಟೆಯ ಬಿಲ್ಲೆ ಒಳಗಿಂದ ಉಬ್ಬಿ ಇಳಿಯುತ್ತಿತ್ತು. ಸಂದಿನಿಂದ ತಿಳಿಗಂಜಿಯಂಥದೇನೋ ಒಸರಿ ಅಂಗೈಗಿಳಿಯಿತು. ಹಲ್ಲು ಅವನ ಹೆಬ್ಬೆರಳನ್ನು ಮೆತ್ತಗೆ ಹಿಡಿಯಿತು. ಮೊಲೆ ಕುಡಿಯುವ ಕೂಸು ಹಿಡಿಯುವ ಹಾಗೆ. ಹೀರಿತು.

ನೆಲಕ್ಕೆ ಒತ್ತಿದ. ಉಳಿ ಇಟ್ಟ. ಕೊಡತಿ ಎತ್ತಿದ.

ಮೊದಲ ಏಟು. ತುಟಿ ಸೀಳಿತು. ಅವನ ತುಟಿಯೂ ಸೀಳಿತು. ಬಾಯಿ ತುಂಬ ಬಿಸಿ. ಉಪ್ಪು. ಎರಡನೆಯ ಏಟು. ಹಲ್ಲು ಉದುರಿದವು. ನೆಲದ ಮೇಲೆ ನುಚ್ಚಕ್ಕಿ, ನುಚ್ಚಕ್ಕಿಯ ನಡುವೆ ಅವನ ಹಲ್ಲು. ಯಾವುದು ಯಾವುದೆಂದು ತಿಳಿಯಲಿಲ್ಲ. ಮಗು ಕಿರುಚಿತು. ಉಳಿ ಜಾರಿತು. ಮತ್ತೆ ಇಟ್ಟ. ಕಣ್ಣು ಮುಚ್ಚಿದ. ಮೂರನೆಯ ಏಟು. ಮರ ಮುರಿದ ಸದ್ದು ತಲೆಯ ಒಳಗೆ ಕೇಳಿಸಿತು. ಎದೆಯ ಮೇಲೆ ಏನೋ ಭಾರವಾದದ್ದು ಒದ್ದೆಯಾಗಿ ಜಾರಿಬಿತ್ತು. ಅವನು ಕೂಗಿದ. ಕೂಗಲು ಬೇಕಾದದ್ದು ಅಲ್ಲಿರಲಿಲ್ಲ.

ಮುತ್ತು ತಾಯಿಯ ಭುಜ ಬಿಟ್ಟಳು. ನೆಲಕ್ಕಿಳಿದು, ಬಗ್ಗಿ, ಕರ್ರಗಿನ ಕೂದಲ ಗಂಟೊಂದನ್ನು ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, ಯಾರಾದರೂ ನೀರು ಕೊಡುತ್ತಾರೇನೋ ಎಂದು ಸುತ್ತ ನೋಡಿದಳು.

ಆ ವರ್ಷ ಅಪ್ಪಯ್ಯಣ್ಣನ ಮನೆಯ ಮೆಟ್ಟಿಲ ಮೇಲೆ ರಾಜ ಒಬ್ಬನೇ ಕೂತಿದ್ದ. ರಾಣಿ ತವರಿಗೆ ಹೋಗಿದ್ದಾಳೆ ಎಂದು ಮನೆಯ ಹೆಂಗಸರು ಹೇಳಿ ನಗಿಸಿದರಂತೆ. ಅಮಲ್ದಾರರ ಹೆಂಡತಿಯೂ ನಕ್ಕರಂತೆ.

ಸಂಜೀವಪ್ಪ ಬದುಕಿದ. ಮೂಗಿನಿಂದ ಕೊರಳಿನವರೆಗೆ ಪಂಚೆಯ ತುಂಡು ಸುತ್ತಿಕೊಂಡು ಗೋಡೆಗೊರಗಿ ಕೂತಿರುತ್ತಿದ್ದ. ಬಟ್ಟೆ ಬದಲಿಸಿದ ಅರ್ಧ ಗಂಟೆಯಲ್ಲಿ ಜೊಲ್ಲಿನಿಂದ ತೊಯ್ಯುತ್ತಿತ್ತು, ನೊಣ ಮುತ್ತುತ್ತಿದ್ದವು. ಅನುಸೂಯಮ್ಮ ದಿನಕ್ಕೆ ಎಂಟು ಸಲ ಕೊಳವೆಯಲ್ಲಿ ಗಂಜಿ ಹುಯ್ಯುತ್ತಿದ್ದಳು. ಹೊಟ್ಟೆ ಕುಂಬಳಕಾಯಿಯಂತೆ ಬಿಗಿಯುತ್ತಿತ್ತು. ಹಸಿವು ಹಾಗೇ ಇತ್ತು. ಮುದುಕಿ ಉತ್ತರ ಹೇಳದೆ ಸೊಂಟ ತಡಕಿದ್ದೇಕೆಂದು ಮೊದಲನೆಯ ದಿನವೇ ಅವನಿಗೆ ತಿಳಿದಿತ್ತು. ಮಗುವನ್ನು ಬಿಟ್ಟ ಹಸಿವಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ.

ಮುತ್ತು ಈಗ ತನ್ನ ತಟ್ಟೆಯಲ್ಲೇ, ತನ್ನ ಕೈಯಿಂದಲೇ ಉಣ್ಣುತ್ತಿದ್ದಳು. ಬಿಸಿ ಅನ್ನ, ತೊವ್ವೆ, ಒಂದು ಚೂರು ಬೆಲ್ಲ. ಒಂದು ದಿನ ಅವಳು ತುತ್ತು ಕಲಸುವುದನ್ನು, ಎತ್ತುವುದನ್ನು, ಪುಟ್ಟ ಗಂಟಲು ನುಂಗುವುದನ್ನು ಸಂಜೀವಪ್ಪ ರೆಪ್ಪೆ ಬಡಿಯದೆ ನೋಡುತ್ತಿದ್ದ. ತಾನು ನೋಡುತ್ತಿರುವುದು ಅನ್ನವನ್ನಲ್ಲ, ಆ ದುಂಡು ಕೆನ್ನೆಯನ್ನು ಎಂದು ಅವನಿಗೆ ಅರಿವಾಗುವ ಮೊದಲೇ, ಮಗುವಿಗೆ ಅರಿವಾಯಿತು. ಅವಳು ಅಳಲಿಲ್ಲ, ಅಮ್ಮನನ್ನು ಕರೆಯಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಮುಚ್ಚಿ, ಚಿಲಕ ಹಾಕಿಕೊಂಡಳು.