ಮೈಲಾಂಜಿ ಹಾಡಿಗೆ ಮದುಮಗಳು ಬೇಕು

"ಹಲೋ ಅಂತ ಹೇಳಿ," ಪರದೆಯ ಆಚೆಯಿಂದ ಗಂಡುದನಿ ಬಂತು.

ಝೈನಬಳ ಕೈಯಲ್ಲಿ ಮೈಕ್ ಇತ್ತು. ಅದರ ವಯರು ಬಾಗಿಲ ಪರದೆಯ ಅಡಿಯಲ್ಲಿ ನುಸುಳಿ, ಜಗಲಿಯಲ್ಲಿದ್ದ ಟೇಪ್ ರೆಕಾರ್ಡರಿಗೆ ಹೋಗಿತ್ತು.

"ಯಾರಿಗೆ ಹೇಳುದು?"

"ಸದ್ಯಕ್ಕೆ ನನಗೇ ಹೇಳಿ."

ಅವಳು ಹೇಳಲಿಲ್ಲ. ಪರದೆಯ ಸೀಳಿನಲ್ಲಿ ಕಂಡ ಮುಖ ನಗುತ್ತಿತ್ತು. ಕನ್ನಡಕದ ಹಿಂದಿನ ಕಣ್ಣುಗಳು ಮಿಷಿನಿನ ಮೇಲೆ ಇರಬೇಕಾದವು, ಪರದೆಯ ಮೇಲೆ ಇದ್ದವು.

ಸಾಹುಲ್ ಹಮೀದ್ ಪುತ್ತೂರಿನ ಜವಳಿ ಅಂಗಡಿಯವರ ಮಗ. ಎಂ.ಎ. ಮುಗಿಸಿದ್ದ ಅವನನ್ನು, ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ತೆರೆದಿದ್ದ ಮಾನವಿಕ ಕೇಂದ್ರ ಸಂಶೋಧನೆಗೆ ತೆಗೆದುಕೊಂಡಿತ್ತು. ಬ್ಯಾರಿಗಳ ಮನೆಯ ಹೆಂಗಸರು ಹೇಳುವ ಪದ್ಯಗಳನ್ನು ಕೂಡಿಸುವುದು ಅವನ ಕೆಲಸ. ಕೇಂದ್ರ ಮಿಷಿನು ಕೊಟ್ಟಿತ್ತು, ಬಸ್ಸಿನ ಖರ್ಚು ಕೊಟ್ಟಿತ್ತು, ಜೊತೆಗೆ ಕಟ್ಟಳೆಯನ್ನೂ ಕೊಟ್ಟಿತ್ತು. ಹಾಡು ಕೊಟ್ಟ ಮನೆಯವರೊಬ್ಬರು ಅವನಿಗೆ ಸಮನಾಗಿ ಕೂತು ಕೆಲಸ ಮಾಡಬೇಕು. ಅವನ ಹೆಸರಿನ ಪಕ್ಕದಲ್ಲೇ ಅವರ ಹೆಸರೂ ಅಚ್ಚಾಗಬೇಕು. ಮತ್ತೆ, ಟೇಪಿನಲ್ಲಿ ತುಂಬಿಸಿಕೊಂಡು ಹೋದದ್ದನ್ನು ತಿರುಗಿ ತಂದು ಊರಿಗೇ ಕೇಳಿಸಬೇಕು.

ಹಾಗೆ ಅರಂತೋಡಿನ ಪೋಕರ್ ಬ್ಯಾರಿಯ ಮಗಳು, ಸುಳ್ಯದಲ್ಲಿ ಎಂಟನೆಯವರೆಗೆ ಓದಿದ ಝೈನಬ, ವಿಶ್ವವಿದ್ಯಾಲಯದ ಸಹಸಂಶೋಧಕಿಯಾದಳು. ಹಾಡುವವಳು ಅವಳ ಅಜ್ಜಿ ಅಲೀಮಮ್ಮ.

"ಅಲ್ಲಿ ನನಗೂ ಒಂದು ಕೆಲಸ ಕೇಳಿ ಮಾರಾಯ್ರೆ," ಎಂದ ಪೋಕರ್. "ಅಂಗಡಿಯಲ್ಲಿ ಒಣಮೀನು ತೂಗಿ ತೂಗಿ ಸಾಕಾಯ್ತು."

ಮರುದಿನದಿಂದ ಮಿಷಿನೇ ಪರದೆಯ ಒಳಗೆ ಬಂತು. ಹೆಂಗಸರ ಹಾಡು, ಹೆಂಗಸರ ಕೋಣೆ. ಅವನು ಹೊರಗಿನಿಂದ ಹೇಳಿಕೊಟ್ಟ, ಅವಳು ಒಳಗೆ ಗುಂಡಿ ಒತ್ತಿ, ಪ್ರತಿ ಹಾಡಿನ ಹೆಸರನ್ನು ಮೈಕಿಗೆ ಹೇಳಿದಳು. ಅಲೀಮಮ್ಮ ದೇವರ ಹೆಸರಿನ ಬಿಸ್ಮಿ ಹೇಳಿ, ಔಲಿಯಾ ಸಂತರನ್ನು ಹೊಗಳುವ ಮಾಲೆ ಶುರು ಮಾಡಿದರೆ, ಒಂದು ಸಾಲಿನ ಕೊನೆಯ ಪದವನ್ನು ಇನ್ನೊಂದು ಸಾಲು ಕೈಹಿಡಿದು ನಡೆಸುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಲ್ಲುತ್ತಿತ್ತು. ಅಂಥ ಹೊತ್ತಿನಲ್ಲಿ ಹೊರಗೆ ಅವನು ತಲೆತಗ್ಗಿಸಿ, ಕಣ್ಣು ಮುಚ್ಚಿ ಕೇಳುವುದನ್ನು ಝೈನಬ ಕಂಡಿದ್ದಳು. ಹಾಡು ಇಷ್ಟು ಹತ್ತಿರ ಹೋಗಿ ತಟ್ಟುವ ಗಂಡಸನ್ನು ಅವಳು ಮೊದಲು ನೋಡಿರಲಿಲ್ಲ.

ಒಂದು ದಿನ ಬಂದವನೇ, "ನಿನ್ನೆಯದ್ದು ತುಂಬಲೇ ಇಲ್ಲ. ಸೆಲ್ಲು ಮುಗಿದಿತ್ತು. ಇನ್ನೊಮ್ಮೆ ಹಾಡಿಸಬೇಕಾಗ್ತದೆ," ಎಂದ.

"ಸೆಲ್ಲು ಹಾಕಿದ್ದು ನಾನು. ಹೊಸತು."

"ಹಾಗಾದರೆ ಟೇಪು…"

"ಟೇಪು ತಿರುಗುದನ್ನೂ ನೋಡಿದ್ದೇನೆ. ಇನ್ನೆಂತ ಹಾಳಾಗಿದೆ, ಹೇಳಿ."

ಹೊರಗೆ ಗಂಟಲು ಸರಿಮಾಡಿಕೊಂಡ ಸದ್ದು. "ಹಾಳಾದದ್ದು ಮಿಷಿನಲ್ಲ."

ಝೈನಬ ತಟ್ಟನೆ ತಲೆಬಟ್ಟೆ ಎಳೆದುಕೊಂಡಳು, ಯಾರೂ ನೋಡುತ್ತಿರಲಿಲ್ಲವಾದರೂ.

"ಮೋಳೆ, ನನ್ನ ಮಗಳೇ," ಎಂದಳು ಅಜ್ಜಿ, ಎಲೆಗೆ ಸುಣ್ಣ ಸವರುತ್ತ. "ಆ ಪರದೆ ಬಟ್ಟೆಯದ್ದು. ನನಗೂ ಕೇಳ್ತದೆ."

ಕೊನೆಗೆ ಒಂದೇ ಹಾಡು ಉಳಿಯಿತು. ಮದುಮಗಳ ಕೈಗೆ ಮದರಂಗಿ ಇಡುವಾಗ ಹೇಳುವ ಮೈಲಾಂಜಿ ಹಾಡು. ಅಲೀಮಮ್ಮನಷ್ಟು ಪೂರ್ತಿಯಾಗಿ ಅದನ್ನು ಬಲ್ಲವರು ಈ ಕಡೆ ಇಲ್ಲ. ಕೇಂದ್ರ ಕಾಯುತ್ತಿದ್ದದ್ದೂ ಅದಕ್ಕೇ.

"ಅದು ಸುಮ್ಮನೆ ಬರುದಿಲ್ಲ," ಎಂದಳು ಅಲೀಮಮ್ಮ. "ಎದುರು ಮದುಮಗಳು ಕೈ ಚಾಚಿ ಕೂರಬೇಕು. ಇಲ್ಲದಿದ್ದರೆ ಹಾಡಿನ ದುಆ, ಆ ಹಾರೈಕೆ, ಯಾರ ತಲೆಗೆ ಹೋಗಿ ಇಳಿಯುದು?"

"ಐವರ್ನಾಡಿನಲ್ಲಿ ಸಫಿಯಮ್ಮನವರ ಮಗಳ ಮದುವೆ ಉಂಟಂತೆ," ಎಂದ ಸಾಹುಲ್.

"ಇನ್ನೊಬ್ಬರ ಹೆಣ್ಣಿನ ಎದುರು ನಿಮ್ಮ ಪೆಟ್ಟಿಗೆ ಇಡುದಿಲ್ಲ. ನಮ್ಮ ಮನೆಯ ಮದುವೆಯಾದರೆ ಇಡಿ."

"ನಿಮ್ಮ ಮನೆಯಲ್ಲಿ ಮದುವೆ ಯಾವಾಗ?"

ಹಗುರವಾಗಿಯೇ ಕೇಳಿದ. ಆದರೆ ಝೈನಬಳ ಕೈ ಮಿಷಿನಿನ ಗುಂಡಿಗೆ ಹೋಯಿತು. ಈ ಪ್ರಶ್ನೆ ಯಾರಿಗಾಗಿ? ತನಗಾಗಿಯೋ, ಹಾಡಿಗಾಗಿಯೋ?

"ಹಾಡಿಗೋಸ್ಕರ ಯಾರೂ ಮದುವೆಯ ದಿನ ಕೇಳುದು ಬೇಡ," ಎಂದಳು. ಗುಂಡಿ ಒತ್ತಿದ ಟಕ್ ಸದ್ದು ಜಗಲಿಗೂ ಕೇಳಿಸಿತು.

ಅವನು ಮಿಷಿನು ಕೇಳಿ ತೆಗೆದುಕೊಂಡು ಮಡಿಕೇರಿಯಿಂದ ಬಂದ ಬಸ್ಸು ಹತ್ತಿದ. ಮತ್ತೆ ಸುದ್ದಿಯಿಲ್ಲ. ಪ್ರತಿ ಬಸ್ಸಿನ ಹಾರನ್ನಿಗೂ ಅವಳ ಎದೆ ಎದ್ದು ನಿಂತು, ಪುನಃ ಕೂರುತ್ತಿತ್ತು. ಅಂಥ ಮಾತು ಆಡಬಾರದಿತ್ತು; ಆಡದೆಯೂ ಇರಲಾಗುತ್ತಿರಲಿಲ್ಲ.

ರಂಜಾನ್ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬಂದ. ಜೊತೆಗೆ ಕಪ್ಪು ಬುರ್ಖಾದ ಹಿರಿಯ ಹೆಂಗಸು, ತಾಯಿ ರುಖಿಯಮ್ಮ. ಊರಿಗೆ ಕೇಳಿಸುವ ದಿನ ಅದು. ಜಗಲಿ ತುಂಬ ಗಂಡಸರು, ಒಳಗೆ ಹೆಂಗಸರು. ಪೆಟ್ಟಿಗೆಯಿಂದ ತನ್ನ ದನಿ ಬಂದಾಗ ಅಲೀಮಮ್ಮ, "ಇವಳಿಗೆ ಸ್ವಲ್ಪ ನೆಗಡಿ ಉಂಟು," ಎಂದಳು. ಮನೆಯೆಲ್ಲ ನಕ್ಕಿತು.

ಜನ ಕರಗಿದ ಮೇಲೆ ಪೋಕರ್ ಕೇಳಿದ, "ಆ ಮೈಲಾಂಜಿ ಹಾಡು?"

"ಅದಿಲ್ಲದೆಯೇ ಸಂಗ್ರಹ ಒಪ್ಪಿಸಿಬಿಟ್ಟೆ. ಕೊಡದ್ದನ್ನು ಬಲವಂತದಿಂದ ತರಬಾರದು ಅಂದರು ಪ್ರೊಫೆಸರರು." ಸಾಹುಲ್ ಪರದೆಯ ಕಡೆ ತಿರುಗಿದ. ದನಿ ಸಣ್ಣಗಾಯಿತು. "ಇನ್ನು ಈ ಮನೆಯಲ್ಲಿ ನನಗೆ ಹಾಡಿನ ಕೆಲಸ ಏನೂ ಇಲ್ಲ. ಉಳಿದ ಕೆಲಸಕ್ಕೆ ಉಮ್ಮ ಬಂದಿದ್ದಾರೆ."

ಒಳಗೆ ರುಖಿಯಮ್ಮ ಝೈನಬಳ ಗಲ್ಲ ಹಿಡಿದು ಎತ್ತಿ, "ಹಾಡಿನ ಹೆಸರು ಹೇಳುವ ಈ ದನಿಯನ್ನು ಟೇಪಿನಲ್ಲಿ ಕೇಳಿ ಕೇಳಿ ಇವನು ಅಂಗಡಿಯಲ್ಲಿ ಸೀರೆ ಕೇಳಿದವರಿಗೆ ಪಂಚೆ ಕೊಡ್ತಾನೆ," ಎಂದಳು. "ನೀನೇ ಹೇಳು ಮೋಳೆ."

ಅಜ್ಜಿಯೂ ನೋಡಿದಳು. "ಎಂತ ಹೇಳ್ತಿ?"

ಝೈನಬ ಪರದೆಯನ್ನು ನೋಡಿದಳು. ಅದರ ಅಡಿಯಲ್ಲಿ ಎರಡು ಪಾದಗಳು ಅಲುಗದೆ ಕಾಯುತ್ತಿದ್ದವು.

"ಪರದೆ ಬಟ್ಟೆಯದ್ದೇ ಅಲ್ವಾ ಅಜ್ಜಿ," ಎಂದಳು.

ಮೈಲಾಂಜಿಯ ದಿನ, ಸಂಜೆಯ ಅಸರ್ ನಮಾಜು ಮುಗಿದ ಹೊತ್ತು. ಝೈನಬಳ ಅಂಗೈ ಎರಡರಲ್ಲೂ ಹಸಿ ಮದರಂಗಿ. ಮುಂದೆಯೂ ಊರೂರಿನ ಹಾಡು ಕೂಡಿಸಲೆಂದು ಕೇಂದ್ರ ಅವಳ ವಶಕ್ಕೇ ಕೊಟ್ಟಿದ್ದ ಮಿಷಿನು ಮೂಲೆಯಲ್ಲಿ ಮುಚ್ಚಿಕೊಂಡು ಕೂತಿತ್ತು.

"ತನ್ನಿ ಆ ಪೆಟ್ಟಿಗೆ," ಎಂದಳು ಅಲೀಮಮ್ಮ, ಯಾರೂ ಕೇಳದೆಯೇ. ಗುಂಡಿಯನ್ನೂ ಅವಳೇ ಒತ್ತಿದಳು. ಟೇಪು ತಿರುಗಿತು. "ಮೊದಲು ಹಲೋ ಹೇಳಬೇಕಲ್ಲ. ಯಾರಿಗೆ ಹೇಳುದು ಮೋಳೆ?"

"ಅದು ನಾನು ಹೇಳ್ತೇನೆ."

ಕೈ ತಾಗದ ಹಾಗೆ ಬಾಗಿ, ಮೈಕಿನ ತೀರ ಹತ್ತಿರ ಬಂದು, ನಾಳೆ ಕೇಳಲಿರುವವನಿಗೆ ಅವಳು ಹಲೋ ಎಂದಳು.

ಅಲೀಮಮ್ಮ ಬಿಸ್ಮಿ ಹೇಳಿ ಹಾಡು ಎತ್ತಿಕೊಂಡಳು.